ಗಾಜಿನ ಕುಲುಮೆ ಕಲಿಸುವ ಲೆಕ್ಕ: ಕಣ್ಣಿಗೆ ಕಾಣದ ವೆಚ್ಚವನ್ನು ಬೆಲೆಗೆ ಸೇರಿಸುವ ಬಗೆ

ಸಣ್ಣ ತಯಾರಿಕಾ ಘಟಕವೊಂದು ನಷ್ಟಕ್ಕೆ ಸಿಲುಕಲು ಮಾರಾಟದ ಕೊರತೆಯೇ ಯಾವಾಗಲೂ ಕಾರಣವಾಗಿರುವುದಿಲ್ಲ. ಕೈತುಂಬ ಬೇಡಿಕೆಯಿದ್ದು, ಹಗಲಿರುಳು ಕೆಲಸ ನಡೆಯುತ್ತಿದ್ದು, ವರ್ಷದ ಕೊನೆಯಲ್ಲಿ ಬ್ಯಾಂಕಿನ ಸಾಲ ಮಾತ್ರ ಬೆಳೆದಿರುವ ನಿದರ್ಶನಗಳು ಯಾವ ಊರಿನಲ್ಲಾದರೂ ಸಿಗುತ್ತವೆ. ಇಂತಹ ಘಟಕಗಳ ಲೆಕ್ಕವನ್ನು ಬಿಡಿಸಿ ನೋಡಿದಾಗ ಅನೇಕ ವೇಳೆ ಒಂದೇ ದೋಷ ಕಂಡುಬರುತ್ತದೆ. ಬೆಲೆ ಕಟ್ಟುವಾಗ ಮಾಲೀಕರು ಕಚ್ಚಾ ಸಾಮಗ್ರಿಯನ್ನು ಎಣಿಸಿರುತ್ತಾರೆ, ಕೂಲಿಯನ್ನು ಎಣಿಸಿರುತ್ತಾರೆ. ಕಣ್ಣೆದುರಿಗೆ ನಡೆಯದ ವೆಚ್ಚವನ್ನು ಎಣಿಸಿರುವುದಿಲ್ಲ.

ಹಿಂದೆ ಕೃಷ್ಣರಾಜನಗರ ತಾಲ್ಲೂಕಿಗೆ ಸೇರಿದ್ದು ಈಗ ತಾನೇ ತಾಲ್ಲೂಕು ಕೇಂದ್ರವಾಗಿರುವ ಸಾಲಿಗ್ರಾಮ ಹಾಗೂ ಸುತ್ತಲಿನ ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ಪ್ರದೇಶಗಳಲ್ಲಿ ಬೆಂಕಿಯನ್ನು ನಂಬಿದ ಉದ್ಯಮಗಳು ಹಲವಿವೆ. ಭತ್ತ ಬೇಯಿಸುವ ಅಕ್ಕಿ ಗಿರಣಿಗಳು, ಬೆಲ್ಲದ ಆಲೆಮನೆಗಳು, ಇಟ್ಟಿಗೆ ಗೂಡುಗಳು, ಬೇಕರಿಗಳು, ಹೊಗೆಸೊಪ್ಪು ಹದಗೊಳಿಸುವ ಬ್ಯಾರನ್‌ಗಳು ಇವೆಲ್ಲವೂ ಒಲೆ ಹೊತ್ತಿಸಿಯೇ ಸಂಪಾದಿಸಬೇಕಾದವು. ಬೆಂಕಿ ನಂಬಿದ ಉದ್ಯಮದ ವೆಚ್ಚದ ಸ್ವರೂಪವನ್ನು ತಿಳಿಯಲು ಗಾಜು ಊದುವ ಕಸುಬಿಗಿಂತ ಸ್ಪಷ್ಟವಾದ ಉದಾಹರಣೆ ಬೇರೊಂದು ದೊರೆಯುವುದು ಕಷ್ಟ. ಈ ಕಾರಣದಿಂದ, ಸಾರ್ವಜನಿಕರ ಮುಂದೆ ನಡೆಯುವ ಗಾಜು ಊದುವ ಪ್ರಾತ್ಯಕ್ಷಿಕೆಯೊಂದನ್ನು ವರ್ತಕನ ಕಣ್ಣಿನಿಂದ ನೋಡಿ, ಅದರ ಲೆಕ್ಕವನ್ನು ಇಲ್ಲಿ ವಿವರಿಸಲಾಗಿದೆ.

ಕರ್ನಾಟಕದಲ್ಲಿ ಗಾಜಿನ ಕಸುಬು

ಗಾಜಿನ ಕೆಲಸ ಈ ನಾಡಿಗೆ ಹೊಸದಲ್ಲ. ಟಿಪ್ಪು ಸುಲ್ತಾನನ ಪತನದ ನಂತರ 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಚನ್ನಪಟ್ಟಣದಲ್ಲಿಯೂ ಇಂದಿನ ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ತಾಲ್ಲೂಕಿನ ಮತ್ತೋಡಿನಲ್ಲಿಯೂ ಬಳೆಗಾಗಿ ಗಾಜು ತಯಾರಾಗುತ್ತಿದ್ದುದನ್ನು ದಾಖಲಿಸಿದ್ದಾನೆ. ಚೌಳು ಮಣ್ಣಿನಿಂದ ತೆಗೆದ ಸೋಡಾ ಮತ್ತು ಪುಡಿ ಮಾಡಿದ ಬೆಣಚುಕಲ್ಲು ಅಂದಿನ ಮುಖ್ಯ ಸಾಮಗ್ರಿಗಳು. ಅದು ಊದುವ ಕೆಲಸವಾಗಿರಲಿಲ್ಲ, ಕರಗಿದ ಗಾಜನ್ನು ತಿರುಗಿಸಿ ಬಳೆಯಾಗಿ ಎಳೆಯುವ ಕೆಲಸವಾಗಿತ್ತು. ಆದರೆ ಕುಲುಮೆಯ ಕಷ್ಟಸುಖ ಎರಡಕ್ಕೂ ಒಂದೇ. ಆಧುನಿಕ ಕಾಲದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಯೋಗಾಲಯದ ಉಪಕರಣಗಳಿಗಾಗಿ ಗಾಜು ಊದುವ ಕೆಲಸ ನಡೆದುಬಂದಿದೆ.

ಜನರು ಕುಳಿತು ನೋಡುವ ಕಲಾ ಕಾರ್ಯಾಗಾರಗಳ ಕಥೆ ಬೇರೆ. 1962ರವರೆಗೆ ಊದಿದ ಗಾಜು ಬಹುಮಟ್ಟಿಗೆ ದೊಡ್ಡ ಕಾರ್ಖಾನೆಯ ಸೊತ್ತಾಗಿತ್ತು. ಆ ವರ್ಷ ಅಮೆರಿಕದ ಟೊಲಿಡೊ ನಗರದ ಕಲಾ ಸಂಗ್ರಹಾಲಯದ ಆವರಣದಲ್ಲಿ, ಕುಂಬಾರಿಕೆಯ ಅಧ್ಯಾಪಕ ಹಾರ್ವಿ ಲಿಟಲ್ಟನ್ ಒಂದು ಸಣ್ಣ ಕುಲುಮೆ ಹೂಡಿ ಕಾರ್ಯಾಗಾರ ನಡೆಸಿದನು. ಮೊದಲ ಸಲ ಕರಗಿಸಿದ ಗಾಜು ಕೆಲಸಕ್ಕೆ ಬಾರದೆ ಹೋಯಿತು. ಉದ್ಯಮದಲ್ಲಿ ಅನುಭವವಿದ್ದ ಡೊಮಿನಿಕ್ ಲಬೀನೊ ಕುಲುಮೆಯನ್ನು ತಿದ್ದಿ, ಗಾಜಿನ ನೂಲು ತಯಾರಿಸಲು ಬಳಸುತ್ತಿದ್ದ ಗೋಲಿಗಳನ್ನು ಕರಗಿಸಲು ಒದಗಿಸಿದ ಮೇಲೆ ಕೆಲಸ ಕೈಗೂಡಿತು. ಕಾರ್ಖಾನೆಯಿಲ್ಲದೆ ಒಬ್ಬಿಬ್ಬರು ಗಾಜು ಊದಬಹುದೆಂಬುದು ಅಲ್ಲಿಂದ ಸ್ಥಿರಪಟ್ಟಿತು. ಇಂದು ಜಗತ್ತಿನ ಅನೇಕ ನಗರಗಳಲ್ಲಿ ಕಾಣುವ ಸಮುದಾಯ ಗಾಜು ಕಾರ್ಯಾಗಾರಗಳಿಗೆ ಅದೇ ಮೂಲ.

ಪ್ರೇಕ್ಷಕರಿಗೆ ಕಾಣುವುದು

ಪ್ರಾತ್ಯಕ್ಷಿಕೆಯ ಕ್ರಮ ಎಲ್ಲೆಡೆಯೂ ಹೆಚ್ಚುಕಡಿಮೆ ಒಂದೇ. ಕುಲುಮೆಯೊಳಗಿನ ಮೂಸೆಯಲ್ಲಿ ಗಾಜಿನ ಪಾಕ ಸುಮಾರು 1,100 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಜೇನಿನಂತೆ ನಿಂತಿರುತ್ತದೆ. ಕುಶಲಕರ್ಮಿಯು ಸುಮಾರು 4-5 ಅಡಿ ಉದ್ದದ ಉಕ್ಕಿನ ಊದುಗೊಳವೆಯ ತುದಿಯನ್ನು ಅದರಲ್ಲಿ ಅದ್ದಿ ತಿರುಗಿಸಿ, ಒಂದು ಉಂಡೆಯಷ್ಟು ಪಾಕವನ್ನು ಸುತ್ತಿಕೊಳ್ಳುತ್ತಾನೆ. ಉಕ್ಕಿನ ಹಲಗೆಯ ಮೇಲೆ ಉರುಳಿಸಿ, ಕೊಳವೆಯ ಇನ್ನೊಂದು ತುದಿಯಿಂದ ಊದುತ್ತಾನೆ. ಉಂಡೆಯೊಳಗೆ ಗುಳ್ಳೆಯೊಂದು ಮೂಡುತ್ತದೆ. ಗಾಜು ಗಟ್ಟಿಯಾಗತೊಡಗಿದಂತೆ ಮತ್ತೆ ಮತ್ತೆ ಕಾಯಿಸುವ ಗೂಡಿಗೆ ಒಯ್ಯುತ್ತಾನೆ. ನೀರಿನಲ್ಲಿ ನೆನೆಸಿದ ಮರದ ಅಚ್ಚು, ಒದ್ದೆ ವೃತ್ತಪತ್ರಿಕೆಯ ಮಡಿಕೆ, ಚಿಮಟದಂತಹ ಉಪಕರಣಗಳಿಂದ ಆಕಾರ ಕೊಡುತ್ತಾನೆ. ಕೊಳವೆಯನ್ನು ತಿರುಗಿಸುವುದು ಕ್ಷಣವೂ ನಿಲ್ಲುವಂತಿಲ್ಲ. ನಿಂತರೆ ಪಾಕ ಒಂದು ಕಡೆಗೆ ಜೋತುಬೀಳುತ್ತದೆ. ಕೊನೆಗೆ ಸಹಾಯಕನು ಮತ್ತೊಂದು ಸರಳನ್ನು ತಳಕ್ಕೆ ಅಂಟಿಸುತ್ತಾನೆ, ಮೊದಲ ಕೊಳವೆಯಿಂದ ವಸ್ತುವನ್ನು ಬಿಡಿಸಲಾಗುತ್ತದೆ, ಬಾಯಿಯನ್ನು ಅಗಲಿಸಿ ಅಂಚನ್ನು ನುಣುಪುಗೊಳಿಸಲಾಗುತ್ತದೆ.

ಚಿಕ್ಕ ಹೂದಾನಿಯೊಂದಕ್ಕೆ ಇಷ್ಟೆಲ್ಲ ಕೆಲಸ ಕಾಲು ಗಂಟೆಯಲ್ಲಿ ಮುಗಿಯಬಹುದು. ಪ್ರೇಕ್ಷಕನು ಮನಸ್ಸಿನಲ್ಲಿಯೇ ಲೆಕ್ಕ ಹಾಕುತ್ತಾನೆ: ಹಿಡಿ ಮರಳು, ಕಾಲು ಗಂಟೆಯ ದುಡಿಮೆ, ಒಂದಷ್ಟು ಉಸಿರು. ಇದಕ್ಕೆ ಇಷ್ಟು ಬೆಲೆಯೇ ಎಂದು ಕೇಳುತ್ತಾನೆ. ಅಪಾಯವಿರುವುದು ಪ್ರೇಕ್ಷಕನು ಹೀಗೆ ಕೇಳುವುದರಲ್ಲಲ್ಲ. ಘಟಕದ ಮಾಲೀಕನೂ ಹಾಗೆಯೇ ಲೆಕ್ಕ ಹಾಕುವುದರಲ್ಲಿ.

ಕಾಣದೆ ಉಳಿಯುವ ಮೂರು ವೆಚ್ಚಗಳು

ಮೊದಲನೆಯದು ಕುಲುಮೆಯ ಉರಿ. ಮರಳಿನ ಮುಖ್ಯಾಂಶವಾದ ಸಿಲಿಕಾ ತಾನಾಗಿಯೇ ಕರಗಲು ಸುಮಾರು 1,700 ಡಿಗ್ರಿ ಶಾಖ ಬೇಕು. ಸೋಡಾ ಬೆರೆಸಿ ಆ ಮಟ್ಟವನ್ನು ಇಳಿಸಲಾಗುತ್ತದೆ, ಗಾಜು ನೀರಿನಲ್ಲಿ ಕರಗದಂತೆ ಸುಣ್ಣವನ್ನು ಸೇರಿಸಲಾಗುತ್ತದೆ. ಹೀಗೆ ಸಿದ್ಧವಾದ ಪಾಕವನ್ನು ಸಂಜೆ ಆರಿಸಿ ಬೆಳಗ್ಗೆ ಮತ್ತೆ ಕಾಯಿಸುವಂತಿಲ್ಲ. ಶಾಖ ಬೇಗನೆ ಏರಿಳಿದರೆ ಮೂಸೆ ಬಿರುಕು ಬಿಡುತ್ತದೆ. ನಿಧಾನವಾಗಿ ಕಾಯಿಸಲು ದಿನಗಳೇ ಬೇಕು. ಆದ್ದರಿಂದ ಮೂಸೆ ಕುಲುಮೆಯು ರಾತ್ರಿಯಲ್ಲಿಯೂ ರಜಾದಿನದಲ್ಲಿಯೂ ಉರಿಯುತ್ತಲೇ ಇರುತ್ತದೆ.

ಎರಡನೆಯದು ತಣಿಸುವ ಗೂಡು. ಸಿದ್ಧವಾದ ವಸ್ತುವನ್ನು ಹೊರಗಿನ ಗಾಳಿಗೆ ಇಟ್ಟರೆ ಮೇಲ್ಪದರ ಬೇಗ ತಣಿದು, ಒಳಪದರ ನಿಧಾನವಾಗಿ ತಣಿದು, ಒಳಗೆ ಬಿಗಿತ ಉಂಟಾಗಿ ಒಡೆಯುತ್ತದೆ. ಇದನ್ನು ತಪ್ಪಿಸಲು ಸುಮಾರು 500 ಡಿಗ್ರಿ ಶಾಖದ ಗೂಡಿನಲ್ಲಿಟ್ಟು ರಾತ್ರಿಯಿಡೀ ನಿಧಾನವಾಗಿ ತಣಿಸಬೇಕು. ದಪ್ಪನೆಯ ವಸ್ತುವಿಗೆ ಇನ್ನೂ ಹೆಚ್ಚು ಕಾಲ ಬೇಕು. ಲೆಕ್ಕದ ಭಾಷೆಯಲ್ಲಿ ಹೇಳುವುದಾದರೆ, ಇದು ಅರೆತಯಾರಿ ಸರಕಿನಲ್ಲಿ ಸಿಲುಕಿದ ದುಡಿಯುವ ಬಂಡವಾಳ.

ಮೂರನೆಯದು ಒಡಕು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆ ಗಾಜಿಗೆ ಇನ್ನೂ ಚೆನ್ನಾಗಿ ಒಪ್ಪುತ್ತದೆ. ಕೊಳವೆಯಿಂದ ಬಿಡಿಸುವಾಗ, ಸರಳು ಕಳಚುವಾಗ, ಒಗ್ಗದ ಎರಡು ಬಗೆಯ ಗಾಜನ್ನು ಬೆರೆಸಿದಾಗ, ತಣಿಸುವ ಗೂಡಿನ ಶಾಖ ಹೆಚ್ಚುಕಡಿಮೆಯಾದಾಗ ವಸ್ತು ಒಡೆಯುತ್ತದೆ. ಒಡೆದ ಗಾಜು ವ್ಯರ್ಥವಾಗುವುದಿಲ್ಲ, ಅದನ್ನು ಮತ್ತೆ ಕರಗಿಸಬಹುದು, ಹೊಸ ಮಿಶ್ರಣಕ್ಕಿಂತ ಕಡಿಮೆ ಶಾಖವೂ ಸಾಕು ಎಂಬ ಸಮಾಧಾನವುಂಟು. ಆದರೆ ಈ ಸಮಾಧಾನ ಎಷ್ಟು ರೂಪಾಯಿಯದೆಂಬುದನ್ನು ಲೆಕ್ಕ ಮಾಡಿಯೇ ನೋಡಬೇಕು.

ಒಂದು ಮಾದರಿ ಲೆಕ್ಕ

ಸಾಲಿಗ್ರಾಮದಲ್ಲಿ ಇಂತಹದೊಂದು ಸಣ್ಣ ಘಟಕವಿದೆಯೆಂದು ಭಾವಿಸೋಣ. ಕೆಳಗಿನ ಅಂಕಿಗಳೆಲ್ಲ ವಿವರಣೆಗಾಗಿ ಊಹಿಸಿಕೊಂಡವು. ತಿಂಗಳಲ್ಲಿ 25 ದಿನ ಕೆಲಸ, ದಿನಕ್ಕೆ 40 ಹೂದಾನಿಗಳಂತೆ 1,000 ಹೂದಾನಿಗಳನ್ನು ಆರಂಭಿಸಲಾಗುತ್ತದೆ. ಅವುಗಳಲ್ಲಿ 200 ಒಡೆದು ಅಥವಾ ದೋಷಪೂರಿತವಾಗಿ 800 ಮಾತ್ರ ಮಾರಾಟಕ್ಕೆ ಯೋಗ್ಯ. ತಿಂಗಳ ವೆಚ್ಚ ಹೀಗಿದೆ:

ಕುಲುಮೆಯ ಇಂಧನ, 30 ದಿನ ಹಗಲಿರುಳು: ರೂ. 90,000
ಒಬ್ಬ ಕುಶಲಕರ್ಮಿ, ಇಬ್ಬರು ಸಹಾಯಕರ ಸಂಬಳ: ರೂ. 75,000
ಕಾಯಿಸುವ ಮತ್ತು ತಣಿಸುವ ಗೂಡುಗಳ ಇಂಧನ, ವಿದ್ಯುತ್: ರೂ. 30,000
ಮೂಸೆ, ಕುಲುಮೆಯ ದುರಸ್ತಿ ಮತ್ತು ಸವಕಳಿ: ರೂ. 20,000
ಕಚ್ಚಾ ಸಾಮಗ್ರಿ, 1,000 ಹೂದಾನಿಗಳಿಗೆ ತಲಾ ರೂ. 20ರಂತೆ: ರೂ. 20,000
ಬಾಡಿಗೆ: ರೂ. 15,000
ಒಟ್ಟು: ರೂ. 2,50,000

ಮಾಲೀಕನು ಕಣ್ಣಿಗೆ ಕಾಣುವುದನ್ನಷ್ಟೇ ಎಣಿಸುವವನಾದರೆ ಸಾಮಗ್ರಿ, ಸಂಬಳ ಮತ್ತು ಕೆಲಸದ ವೇಳೆಯಲ್ಲಿ ಬಳಸಿದ ಗೂಡುಗಳ ಇಂಧನ ಸೇರಿ ರೂ. 1,25,000 ಎಂದುಕೊಳ್ಳುತ್ತಾನೆ. ಆರಂಭಿಸಿದ 1,000 ಹೂದಾನಿಗಳಿಂದ ಭಾಗಿಸಿ, ಒಂದಕ್ಕೆ ರೂ. 125 ವೆಚ್ಚವೆಂದು ತಿಳಿಯುತ್ತಾನೆ. ರೂ. 200ಕ್ಕೆ ಮಾರಿ, ರೂ. 75 ಲಾಭ ಬಂದಿತೆಂದು ಸಂತೋಷಪಡುತ್ತಾನೆ.

ನಿಜವಾದ ಲೆಕ್ಕದಲ್ಲಿ ರೂ. 2,50,000ವನ್ನು ಮಾರಲು ಯೋಗ್ಯವಾದ 800ರಿಂದ ಭಾಗಿಸಬೇಕು. ಒಂದು ಹೂದಾನಿಯ ವೆಚ್ಚ ರೂ. 312.50. ರೂ. 200ಕ್ಕೆ ಮಾರಿದಾಗ ಪ್ರತಿಯೊಂದರಲ್ಲಿಯೂ ರೂ. 112.50 ನಷ್ಟ, ತಿಂಗಳಿಗೆ ರೂ. 90,000 ನಷ್ಟ. ಬೇಡಿಕೆ ಕಡಿಮೆಯಿಲ್ಲ, ಕೆಲಸಗಾರರು ಸೋಮಾರಿಗಳಲ್ಲ, ಆದರೂ ಘಟಕ ಮುಳುಗುತ್ತಿರುತ್ತದೆ. ವೆಚ್ಚದ ಮೇಲೆ ಶೇಕಡಾ 20ರಷ್ಟು ಲಾಭ ಬೇಕಾದರೆ ಬೆಲೆ ರೂ. 375 ಇರಬೇಕು.

ಇನ್ನು ಒಡೆದ ಗಾಜಿನ ಸಮಾಧಾನ. ಒಡೆದ 200 ಹೂದಾನಿಗಳ ಗಾಜು ಪೂರ್ತಿಯಾಗಿ ಮರಳಿ ದೊರೆತರೂ ಅದರ ಬೆಲೆ ರೂ. 4,000, ಒಂದು ಹೂದಾನಿಯ ವೆಚ್ಚದಲ್ಲಿ ಇಳಿಯುವುದು ರೂ. 5 ಮಾತ್ರ. ಮರಳಿ ಬರುವುದು ಮರಳು. ಕೂಲಿ, ಉರಿ ಮತ್ತು ಕಾಲ ಮರಳುವುದಿಲ್ಲ. ಇದೇ ಲೆಕ್ಕವನ್ನು ಮುಂದುವರಿಸಿದರೆ ಮತ್ತೊಂದು ಪಾಠ ದೊರೆಯುತ್ತದೆ. ಚೌಕಾಸಿ ಮಾಡಿ ಕಚ್ಚಾ ಸಾಮಗ್ರಿಯ ಬೆಲೆಯನ್ನು ಕಾಲು ಭಾಗ ಇಳಿಸಿದರೆ ಒಂದು ಹೂದಾನಿಗೆ ಉಳಿಯುವುದು ರೂ. 6.25. ಒಡಕನ್ನು 200ರಿಂದ 100ಕ್ಕೆ ಇಳಿಸಿದರೆ ಸುಮಾರು ರೂ. 35 ಉಳಿಯುತ್ತದೆ. ಅಗ್ಗದ ಸಾಮಗ್ರಿಗಾಗಿ ಅಲೆಯುವುದಕ್ಕಿಂತ ಒಳ್ಳೆಯ ಸಹಾಯಕನಿಗೆ ಸಂಬಳ ಹೆಚ್ಚಿಸುವುದು ಇಂತಹ ಉದ್ಯಮದಲ್ಲಿ ಲಾಭದಾಯಕವಾಗಬಲ್ಲದು.

ಒಡಕಿನ ಲೆಕ್ಕ ಬರೆಯುವ ಕ್ರಮ

ಒಡಕಿನಲ್ಲಿ ಎರಡು ಬಗೆ. ಎಚ್ಚರದಿಂದ ಕೆಲಸ ಮಾಡಿದರೂ ತಪ್ಪದೆ ಆಗುವುದು ಸಾಮಾನ್ಯ ನಷ್ಟ. ಅದನ್ನು ಒಳ್ಳೆಯ ವಸ್ತುಗಳ ವೆಚ್ಚದಲ್ಲಿಯೇ ಸೇರಿಸಬೇಕು. ಮೇಲಿನ ಲೆಕ್ಕದಲ್ಲಿ 800ರಿಂದ ಭಾಗಿಸಿದ್ದು ಇದಕ್ಕಾಗಿಯೇ. ವಿದ್ಯುತ್ ಕಡಿತದಿಂದ ತಣಿಸುವ ಗೂಡು ಕೆಟ್ಟು ಒಂದೇ ರಾತ್ರಿ 40 ಹೂದಾನಿಗಳು ಬಿರುಕು ಬಿಟ್ಟರೆ ಅದು ಅಸಾಮಾನ್ಯ ನಷ್ಟ. ಅದನ್ನು ಉಳಿದ ವಸ್ತುಗಳ ಮೇಲೆ ಹೇರದೆ ನೇರವಾಗಿ ಲಾಭ-ನಷ್ಟದ ಖಾತೆಗೆ ಒಯ್ಯಬೇಕು. ಭಾರತೀಯ ಸನ್ನದು ಲೆಕ್ಕಪರಿಶೋಧಕರ ಸಂಸ್ಥೆಯ ದಾಸ್ತಾನು ಮೌಲ್ಯಮಾಪನ ಕುರಿತ ಲೆಕ್ಕಪತ್ರ ಮಾನಕ 2 ಇದನ್ನೇ ವಿಧಿಸುತ್ತದೆ.

ತೆರಿಗೆಯ ದೃಷ್ಟಿಯಿಂದಲೂ ಈ ವಿಂಗಡಣೆ ಮುಖ್ಯ. 2017ರ ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯಿದೆಯ 17(5)(ಎಚ್) ಕಲಮಿನಂತೆ ಕಳೆದುಹೋದ, ಕಳುವಾದ, ನಾಶವಾದ ಅಥವಾ ಲೆಕ್ಕದಿಂದ ತೆಗೆದುಹಾಕಿದ ಸರಕುಗಳ ಮೇಲೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ದೊರೆಯುವುದಿಲ್ಲ. ತಯಾರಿಕೆಯಲ್ಲಿ ಸಹಜವಾಗಿ ಆಗುವ ನಷ್ಟವು ಇದರಿಂದ ಬೇರೆಯೆಂದು ತೋರಿಸಬೇಕಾದ ಹೊಣೆ ವರ್ತಕನದು. ದಿನವಹಿ ಒಡಕಿನ ಪುಸ್ತಕವೊಂದಿದ್ದರೆ, ಆರಂಭಿಸಿದ್ದೆಷ್ಟು, ಒಳ್ಳೆಯದೆಷ್ಟು, ಒಡೆದದ್ದೆಷ್ಟು, ಮತ್ತೆ ಮೂಸೆಗೆ ಹಾಕಿದ್ದೆಷ್ಟು ಎಂಬ ನಾಲ್ಕು ಅಂಕಿಗಳೇ ಸಾಕ್ಷಿಯಾಗುತ್ತವೆ.

ಬೇಡಿಕೆ ಅರ್ಧಕ್ಕೆ ಇಳಿದಾಗ

ಮೇಲಿನ ಘಟಕದಲ್ಲಿ ಬೇಡಿಕೆ ಅರ್ಧವಾಗಿ, 500 ಆರಂಭಿಸಿ 400 ಒಳ್ಳೆಯ ಹೂದಾನಿಗಳು ದೊರೆತವೆನ್ನೋಣ. ಇಳಿಯುವ ವೆಚ್ಚ ಯಾವುದು? ಕಚ್ಚಾ ಸಾಮಗ್ರಿಯ ರೂ. 10,000 ಮಾತ್ರ. ಉಳಿದ ರೂ. 2,40,000 ಹಾಗೆಯೇ ನಿಲ್ಲುತ್ತದೆ. ಒಂದು ಹೂದಾನಿಯ ವೆಚ್ಚ ರೂ. 600 ಆಗುತ್ತದೆ. ಕುಲುಮೆಗೆ ಬೇಡಿಕೆಯ ಸುದ್ದಿ ತಿಳಿಯುವುದಿಲ್ಲ.

ಇಲ್ಲಿ ಎರಡು ಎಚ್ಚರಿಕೆಗಳು ಅಗತ್ಯ. ಒಂದು, ಮಾರಾಟವಾಗದೆ ಉಳಿದ ಹೂದಾನಿಗಳನ್ನು ರೂ. 600ರಂತೆ ದಾಸ್ತಾನಿನಲ್ಲಿ ತೋರಿಸಕೂಡದು. ಸ್ಥಿರ ಉತ್ಪಾದನಾ ವೆಚ್ಚವನ್ನು ಘಟಕದ ಸಾಮಾನ್ಯ ಸಾಮರ್ಥ್ಯದ ಮೇಲೆ ಹಂಚಬೇಕೆಂಬುದು ನಿಯಮ. ಆದ್ದರಿಂದ ಮೌಲ್ಯ ರೂ. 312.50 ಮೀರಬಾರದು, ಮಾರುಕಟ್ಟೆಯಲ್ಲಿ ಅದಕ್ಕಿಂತ ಕಡಿಮೆಯೇ ದೊರೆಯುವುದಾದರೆ ಆ ಕಡಿಮೆಯ ಬೆಲೆಯನ್ನೇ ಹಿಡಿಯಬೇಕು. ದುಡಿಯದೆ ಉಳಿದ ಸಾಮರ್ಥ್ಯದ ವೆಚ್ಚ ರೂ. 1,15,000 ಆ ತಿಂಗಳ ನಷ್ಟವೇ ಸರಿ. ಬ್ಯಾಂಕಿಗೆ ಕೊಡುವ ದಾಸ್ತಾನು ಪಟ್ಟಿಯಲ್ಲಿ ಇದನ್ನು ಮರೆಮಾಡಿದವರು ತಮ್ಮನ್ನೇ ಮರುಳು ಮಾಡಿಕೊಂಡಂತೆ.

ಎರಡು, ಇಂತಹ ವೇಳೆಯಲ್ಲಿ ಕಡಿಮೆ ಬೆಲೆಯ ಬೇಡಿಕೆಯೊಂದು ಬಂದರೆ ಒಪ್ಪಬಹುದೇ? ಒಪ್ಪಬಹುದು. ಕುಲುಮೆ ಹೇಗೂ ಉರಿಯುತ್ತಿದೆ, ಕೆಲಸಗಾರರೂ ಇದ್ದಾರೆ. ಒಂದು ಹೆಚ್ಚಿನ ಒಳ್ಳೆಯ ಹೂದಾನಿಗೆ ಒಡಕನ್ನು ಸೇರಿಸಿ ತಗಲುವ ಹೊಸ ವೆಚ್ಚ ರೂ. 25 ಮಾತ್ರ. ರೂ. 200 ದೊರೆತರೂ ರೂ. 175 ಸ್ಥಿರ ವೆಚ್ಚದ ಭಾರವನ್ನು ಹಗುರಗೊಳಿಸುತ್ತದೆ. ಆದರೆ ಇದು ಒಂದು ಸಲದ ಔಷಧ, ನಿತ್ಯದ ಊಟವಲ್ಲ. ಆಪತ್ಕಾಲದ ಬೆಲೆಯೇ ಮಾರುಕಟ್ಟೆಯಲ್ಲಿ ರೂಢಿಯಾದರೆ ಕುಲುಮೆಯ ವೆಚ್ಚವನ್ನು ತೆರುವವರು ಯಾರೂ ಉಳಿಯುವುದಿಲ್ಲ.

ಇಂಧನದ ಬೆಲೆ ಏರಿದಾಗ

ಉರಿಯನ್ನು ನಂಬಿದ ಉದ್ಯಮಕ್ಕೆ ಇಂಧನವೇ ಪ್ರಾಣ, ಇಂಧನವೇ ಗಂಡಾಂತರ. ಭಾರತದ ಗಾಜಿನ ಬಳೆಯ ಕೇಂದ್ರವಾದ ಉತ್ತರ ಪ್ರದೇಶದ ಫಿರೋಜಾಬಾದ್ ಬಹುಕಾಲ ಕಲ್ಲಿದ್ದಲನ್ನು ನಂಬಿತ್ತು. ತಾಜಮಹಲಿನ ರಕ್ಷಣೆಗಾಗಿ 1996ರ ಡಿಸೆಂಬರ್ 30ರಂದು ಸರ್ವೋಚ್ಚ ನ್ಯಾಯಾಲಯ ನೀಡಿದ ತೀರ್ಪಿನ ನಂತರ ಆ ವಲಯದ ಕೈಗಾರಿಕೆಗಳು ನೈಸರ್ಗಿಕ ಅನಿಲಕ್ಕೆ ಹೊರಳಬೇಕಾಯಿತು. ಅಲ್ಲಿನ ಗಾಜಿನ ಘಟಕಗಳ ಲಾಭ-ನಷ್ಟಕ್ಕೂ ಅನಿಲದ ದರಕ್ಕೂ ಅಂದಿನಿಂದ ನೇರ ನಂಟು ಬೆಳೆಯಿತು.

ಇಟಲಿಯ ವೆನಿಸ್ ಬಳಿಯ ಮುರಾನೊ ದ್ವೀಪದ ನಿದರ್ಶನ ಇನ್ನೂ ಬೋಧಪ್ರದ. ಬೆಂಕಿ ಅನಾಹುತದ ಭಯದಿಂದ 1291ರಲ್ಲಿ ವೆನಿಸ್ ನಗರದ ಗಾಜಿನ ಕುಲುಮೆಗಳನ್ನು ಅಲ್ಲಿಗೆ ಸಾಗಿಸಲಾಗಿತ್ತು. ಏಳು ಶತಮಾನ ಬಾಳಿದ ಈ ಕಸುಬು 2021ರ ಕೊನೆಯಲ್ಲಿ ಅನಿಲದ ಬೆಲೆ ಹಲವು ಪಟ್ಟು ಏರಿದಾಗ ತತ್ತರಿಸಿತು. ಗಿರಾಕಿಗಳಿದ್ದರೂ ಹಲವರು ಕುಲುಮೆಗಳನ್ನು ಕೆಲಕಾಲ ಆರಿಸಬೇಕಾಯಿತು. ಕೀರ್ತಿ, ಕೌಶಲ, ಬೇಡಿಕೆ ಮೂರೂ ಇದ್ದವರಿಗೂ ಇಂಧನದ ಲೆಕ್ಕದಿಂದ ವಿನಾಯಿತಿ ದೊರೆಯಲಿಲ್ಲ.

ಬೆಂಗಳೂರಿನ ವಿಜ್ಞಾನ ಸಂಸ್ಥೆಯಂತಹ ಕಡೆ ನಡೆಯುವ ಗಾಜಿನ ಕೆಲಸದ ಸ್ವರೂಪ ಇಲ್ಲಿ ಗಮನಾರ್ಹ. ಅಲ್ಲಿ ಮೂಸೆಯಿಲ್ಲ. ಸಿದ್ಧ ಗಾಜಿನ ನಳಿಗೆಯನ್ನು ಅನಿಲದ ಜ್ವಾಲೆಯಲ್ಲಿ ಕಾಯಿಸಿ ಊದಲಾಗುತ್ತದೆ. ಕೆಲಸ ಮುಗಿದೊಡನೆ ಜ್ವಾಲೆಯನ್ನು ಆರಿಸಬಹುದು. ಸಾಮಗ್ರಿಯ ಬೆಲೆ ಹೆಚ್ಚು, ವಸ್ತುವಿನ ಗಾತ್ರಕ್ಕೆ ಮಿತಿಯುಂಟು, ಆದರೆ ಬೇಡಿಕೆಯಿಲ್ಲದ ದಿನ ಉರಿಯ ವೆಚ್ಚವೂ ಇಲ್ಲ. ಆರಿಸಬಹುದಾದ ಬೆಂಕಿ ಮತ್ತು ಆರಿಸಲಾಗದ ಬೆಂಕಿ ಎಂಬ ಈ ಭೇದವನ್ನು ಹೊಸ ಯಂತ್ರಕ್ಕೆ ಸಾಲ ಪಡೆಯುವ ಮುನ್ನ ಪ್ರತಿಯೊಬ್ಬ ಉದ್ಯಮಿಯೂ ಯೋಚಿಸಬೇಕು.

ಪ್ರಾತ್ಯಕ್ಷಿಕೆಯ ವಾಣಿಜ್ಯ ಪ್ರಯೋಜನ

ಒಂದು ಕಾಲಕ್ಕೆ ವೆನಿಸ್ ಗಣರಾಜ್ಯವು ಗಾಜಿನ ಗುಟ್ಟು ಹೊರಹೋಗದಂತೆ ಕುಶಲಕರ್ಮಿಗಳು ನಾಡು ಬಿಡುವುದನ್ನೇ ನಿಷೇಧಿಸಿತ್ತು. ಇಂದಿನ ಕಾರ್ಯಾಗಾರಗಳು ಬಾಗಿಲು ತೆರೆದು ಕುರ್ಚಿ ಹಾಕುತ್ತವೆ. ಅಮೆರಿಕದ ಕಾರ್ನಿಂಗ್ ಪಟ್ಟಣದಲ್ಲಿ ಅಲ್ಲಿನ ಗಾಜಿನ ಕಂಪನಿಯು 1951ರಲ್ಲಿ ತನ್ನ ಶತಮಾನೋತ್ಸವದ ಸಂದರ್ಭದಲ್ಲಿ ಸ್ಥಾಪಿಸಿದ ಸಂಗ್ರಹಾಲಯದಲ್ಲಿ ಇಂತಹ ಪ್ರದರ್ಶನವೇ ದೊಡ್ಡ ಆಕರ್ಷಣೆ.

ಇದರಿಂದ ಎರಡು ಲಾಭಗಳಿವೆ. ಹೇಗೂ ಉರಿಯುತ್ತಿರುವ ಕುಲುಮೆಗೆ ಎರಡನೆಯ ಆದಾಯ ಹುಟ್ಟುತ್ತದೆ. ಮಾದರಿ ಘಟಕದಲ್ಲಿ ತಿಂಗಳಿಗೆ 4 ಪ್ರದರ್ಶನ, ಪ್ರತಿಯೊಂದಕ್ಕೂ 25 ಪ್ರೇಕ್ಷಕರು, ತಲಾ ರೂ. 100 ಶುಲ್ಕವೆಂದರೆ ರೂ. 10,000; ಒಂದು ಹೂದಾನಿಯ ಮೇಲಿನ ಭಾರ ರೂ. 12.50 ಇಳಿಯುತ್ತದೆ. ಇದಕ್ಕಿಂತ ದೊಡ್ಡ ಲಾಭವೆಂದರೆ ಗಿರಾಕಿಯ ತಿಳಿವಳಿಕೆ. ಆದರೆ ಬರಿಯ ಊದುವಿಕೆಯನ್ನು ತೋರಿಸಿದರೆ ಸಾಲದು. ರಾತ್ರಿಯಿಡೀ ಉರಿದ ಕುಲುಮೆ, ನಾಳೆಯವರೆಗೆ ತೆರೆಯಲಾಗದ ತಣಿಸುವ ಗೂಡು, ಮೂಲೆಯಲ್ಲಿರುವ ಒಡಕಿನ ಡಬ್ಬ ಇವನ್ನೂ ತೋರಿಸಿ ವಿವರಿಸಬೇಕು. ಆಗ ರೂ. 375 ಎಂಬ ಬೆಲೆ ಗಿರಾಕಿಗೆ ಅನ್ಯಾಯವೆನಿಸುವುದಿಲ್ಲ.

ಸ್ಥಳೀಯ ಉದ್ಯಮಗಳಿಗೆ ಅನ್ವಯ

ಹೊಗೆಸೊಪ್ಪಿನ ಬ್ಯಾರನ್‌ಗೆ ಒಮ್ಮೆ ಬೆಂಕಿ ಹಾಕಿದರೆ ಸೊಪ್ಪು ಹದವಾಗುವವರೆಗೆ ಹಲವು ದಿನ ನಡುವೆ ಆರಿಸುವಂತಿಲ್ಲ. ಬ್ಯಾರನ್ ಪೂರ್ತಿ ತುಂಬಿರಲಿ, ಅರ್ಧ ತುಂಬಿರಲಿ, ಸೌದೆಯ ಲೆಕ್ಕ ಅರ್ಧವಾಗುವುದಿಲ್ಲ. ಬೇಕರಿಯ ಒಲೆ ಹತ್ತು ಬ್ರೆಡ್ಡಿಗೂ ಕಾಯಬೇಕು, ನೂರು ಬ್ರೆಡ್ಡಿಗೂ ಕಾಯಬೇಕು. ಇಟ್ಟಿಗೆ ಗೂಡಿನಲ್ಲಿ ಬೇಯದೆ ಉಳಿದ, ಸುಟ್ಟು ಕರಕಲಾದ ಇಟ್ಟಿಗೆಗಳು ಗಾಜಿನ ಒಡಕಿಗೆ ಸಮ. ಆಲೆಮನೆಯಲ್ಲಿ ಹದ ತಪ್ಪಿದ ಪಾಕಕ್ಕೆ ಕಡಿಮೆ ದರ ದೊರೆಯಬಹುದು, ಆದರೆ ಕೂಲಿ ಕಡಿಮೆಯಾಗುವುದಿಲ್ಲ. ಅಕ್ಕಿ ಗಿರಣಿಯಲ್ಲಿ ನುಚ್ಚು, ತೌಡು ಮಾರಾಟವಾಗುತ್ತವೆಯೆಂದು ನುಚ್ಚಿನ ಪ್ರಮಾಣವನ್ನು ಅಲಕ್ಷಿಸುವವರು ಒಡೆದ ಗಾಜಿನ ಸಮಾಧಾನವನ್ನೇ ನಂಬಿದವರು.

ಪ್ರತಿಯೊಬ್ಬ ತಯಾರಕರೂ ಈ ತಿಂಗಳ ಲೆಕ್ಕವನ್ನು ಮುಂದಿಟ್ಟುಕೊಂಡು ಐದು ಪ್ರಶ್ನೆಗಳಿಗೆ ಉತ್ತರ ಬರೆಯುವುದು ಒಳಿತು.

1. ಕೆಲಸ ನಿಂತ ದಿನವೂ ತೆರಬೇಕಾದ ವೆಚ್ಚ ಎಷ್ಟು?
2. ಆರಂಭಿಸಿದ ನೂರರಲ್ಲಿ ಪೂರ್ಣ ಬೆಲೆಗೆ ಮಾರಾಟವಾಗುವುದು ಎಷ್ಟು?
3. ಒಟ್ಟು ವೆಚ್ಚವನ್ನು ಆರಂಭಿಸಿದ ಸಂಖ್ಯೆಯಿಂದ ಭಾಗಿಸಲಾಗಿದೆಯೇ, ಒಳ್ಳೆಯ ಸಂಖ್ಯೆಯಿಂದಲೇ?
4. ಬೇಡಿಕೆ ಅರ್ಧವಾದರೆ ಎಷ್ಟು ತಿಂಗಳು ಒಲೆ ಉರಿಸಲು ಶಕ್ತಿಯಿದೆ?
5. ಇಂಧನದ ದರ ಶೇಕಡಾ 25 ಏರಿದರೆ ಬೆಲೆ ಎಷ್ಟಾಗಬೇಕು, ಅದನ್ನು ಗಿರಾಕಿಗೆ ಹೇಳುವುದು ಹೇಗೆ?

ಮೂರನೆಯ ಪ್ರಶ್ನೆಗೆ ಸರಿಯಾದ ಉತ್ತರ ದೊರೆತರೆ ಬೆಲೆ ಕಟ್ಟುವ ದಾರಿ ತೆರೆದಂತೆಯೇ. ಕುಶಲಕರ್ಮಿಯ ಉಸಿರಿನಿಂದ ಹೂದಾನಿಗೆ ಆಕಾರ ಬರುತ್ತದೆ; ಆ ಕುಶಲಕರ್ಮಿಗೆ ಮುಂದಿನ ತಿಂಗಳೂ ಸಂಬಳ ದೊರೆಯಬೇಕಾದರೆ ರಾತ್ರಿಯ ಉರಿಯೂ ಮೂಲೆಯ ಒಡಕೂ ಬೆಲೆಪಟ್ಟಿಯೊಳಗೆ ಬಂದಿರಬೇಕು.